ಮರಿನಾಯಿಗೆ ಪಾರ್ವೊ: ರಕ್ತ ಕಾಣುವವರೆಗೆ ಕಾಯಬೇಡಿ

ನಿನ್ನೆ ಮನೆ ತುಂಬ ಓಡಾಡಿದ ಮರಿ ಇವತ್ತು ಮೂಲೆ ಹಿಡಿದು ಮಲಗಿ, ಊಟ ಮೂಸಿಯೂ ನೋಡದಿದ್ದರೆ ಪಾರ್ವೊ (ನಾಯಿಗಳಿಗೆ ವೈರಸ್‌ನಿಂದ ಬರುವ ಅಂಟುರೋಗ) ಇರಬಹುದೆಂದು ಎಚ್ಚರವಾಗಿ. ಮುಂದೆ ವಾಂತಿ, ಗಬ್ಬುನಾತದ ನೀರುಭೇದಿ, ಅದರಲ್ಲಿ ರಕ್ತ. ಚಿಕಿತ್ಸೆ ಸಿಗದ ಮರಿ 2–3 ದಿನದಲ್ಲೇ ಸಾಯಬಹುದು. 6 ವಾರದಿಂದ 6 ತಿಂಗಳವರೆಗೆ ಅಪಾಯ ಅತಿ ಹೆಚ್ಚು.

ಈ ವೈರಸ್ ಬೇಗ ಬೇಗ ಬೆಳೆಯುವ ಜೀವಕೋಶಗಳ ಮೇಲೆ ಬೀಳುತ್ತದೆ. ಕರುಳಿನ ಒಳಪದರ ಹಾಳಾಗುತ್ತದೆ, ಮೂಳೆಮಜ್ಜೆ ಸೊರಗಿ ಬಿಳಿರಕ್ತಕಣ ಕುಸಿಯುತ್ತದೆ. ಹರಿದ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಹೊತ್ತಿಗೆ ಎದುರಿಸಲು ಮೈಯಲ್ಲಿ ಕಾವಲೇ ಇರುವುದಿಲ್ಲ. ಹಸುಗೂಸು ಮರಿಗಳಲ್ಲಿ ಹೃದಯದ ಸ್ನಾಯುವಿಗೂ ಪೆಟ್ಟು ಬೀಳಬಹುದು.

ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳದಿದ್ದರೆ ರಕ್ತಸಂಚಾರ ಕುಗ್ಗಿದೆ. ಒಸಡು ಅಂಟಂಟಾಗಿದ್ದರೆ ಮೈಯ ನೀರು ಇಂಗಿದೆ. ಒಸಡು ಸರಿಯಿದೆಯೆಂದು ಮಾತ್ರ ಸುಮ್ಮನಿರಬೇಡಿ. ಮನುಷ್ಯರ ಭೇದಿ ಮಾತ್ರೆ, ಪ್ಯಾರಾಸಿಟಮಾಲ್ ಕೊಡಲೇಬೇಡಿ. ವೈದ್ಯರಿಗೆ ಮೊದಲೇ ಫೋನ್ ಮಾಡಿ, ಅಲ್ಲಿ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ಇರಿ.

ಮಲದ ಪರೀಕ್ಷೆ ನಿಮಿಷಗಳಲ್ಲಿ ಮುಗಿಯುತ್ತದೆ. ನೆಗೆಟಿವ್ ಬಂದರೂ ಲಕ್ಷಣವಿದ್ದರೆ ಅದನ್ನೇ ನಂಬಿ ಕೂರಬಾರದು. ವೈರಸ್ಸನ್ನು ಕೊಲ್ಲುವುದಕ್ಕಿಂತ ಮರಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಗುರಿ: ಡ್ರಿಪ್, ವಾಂತಿ ತಡೆಯುವ ಇಂಜೆಕ್ಷನ್, ಆಂಟಿಬಯೋಟಿಕ್, ಸಕ್ಕರೆ ಇಳಿದರೆ ಗ್ಲೂಕೋಸ್. ಉಪವಾಸ ಕೆಡವುವ ಹಳೆಯ ರೂಢಿ ಬೇಡ. ವೈದ್ಯರು ಹೇಳಿದಂತೆ ಬೇಗನೇ ಚೂರು ಚೂರು ಆಹಾರ ಕೊಟ್ಟರೆ ಕರುಳು ಚೇತರಿಸಿಕೊಳ್ಳುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಮನೆ ಶುಚಿ ಮಾಡುವಾಗ ಜನ ಎಡವುವುದು ಒಂದೇ ಕಡೆ: ಮಲದ ಮೇಲೆಯೇ ಬ್ಲೀಚ್ ಸುರಿಯುತ್ತಾರೆ. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡದು. ಮೊದಲು ಸೋಪಿನಿಂದ ತೊಳೆಯಿರಿ. ಆಮೇಲೆ 1 ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಒದ್ದೆಯಾಗಿರಲು ಬಿಡಿ. ಸ್ಪಿರಿಟ್, ಸ್ಯಾನಿಟೈಸರ್‌ಗೆ ಈ ವೈರಸ್ ಜಗ್ಗುವುದಿಲ್ಲ. ಮಣ್ಣಿನಲ್ಲಿ ಒಂದು ವರ್ಷವಾದರೂ ಉಳಿಯಬಲ್ಲದು. ಗುಣವಾದ ಮರಿಯನ್ನೂ ಕನಿಷ್ಠ 2 ವಾರ ಬೇರೆ ನಾಯಿಗಳಿಂದ ದೂರವಿಡಿ.

ಲಸಿಕೆ 6–8 ವಾರಕ್ಕೆ ಶುರುವಾಗಿ 2–4 ವಾರಕ್ಕೊಮ್ಮೆ ನಡೆಯಬೇಕು, ಕೊನೆಯದು 16 ವಾರ ತುಂಬಿದ ಮೇಲೆಯೇ ಬೀಳಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಅಲ್ಲಿಯವರೆಗೂ ಲಸಿಕೆಯನ್ನು ನಿಷ್ಫಲ ಮಾಡಬಹುದು. "ಎರಡು ಇಂಜೆಕ್ಷನ್ ಆಗಿದೆ" ಎಂದು 10 ವಾರದ ಮರಿಯನ್ನು ಬೀದಿನಾಯಿಗಳು ಓಡಾಡುವ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ಹೊರಗಿನ ಲೋಕ ತೋರಿಸಿ.