ಮೊಳೆ ಸಾಯುವುದು ಹೇಗೆ?

ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯನ್ನು ಕನ್ನಡಕ್ಕೆ ತರಲು ಕೂತೆ. ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಮುದುಕ ಮಾರ್ಲಿ ಸತ್ತಿದ್ದಾನೆ. ಹೇಗೆ? ‘ಡೆಡ್ ಆಸ್ ಎ ಡೋರ್‌ನೇಲ್’, ಬಾಗಿಲ ಮೊಳೆಯಷ್ಟು ಸತ್ತಿದ್ದಾನೆ! ಅನುಮಾನವೇ ಬೇಡ, ಹೋದ ಅನ್ನುವುದಕ್ಕೆ ಇಂಗ್ಲಿಷರ ಹಳೇ ಮಾತು.

ಮೊದಲು ‘ಸತ್ತು ಸುಣ್ಣವಾಗಿದ್ದ’ ಅಂತ ಬರೆದೆ. ಹೆಂಡತಿ ಓದಿ, “ಪಾಪ, ಅಷ್ಟೊಂದು ಏನ್ ಕೆಲಸ ಮಾಡಿದ್ನಂತೆ?” ಅಂದಳು. ಸರಿ ಅಲ್ವಾ? ನಾವು ಸತ್ತು ಸುಣ್ಣವಾಗುವುದು ಬಸ್ಸಲ್ಲಿ ನಿಂತು ಊರಿಗೆ ಹೋದಾಗ, ಸತ್ತಾಗ ಅಲ್ಲ. ಮೊಳೆಯನ್ನೇ ಬಿಟ್ಟುಬಿಡೋಣ ಅಂದರೆ ಅದೂ ಆಗದು. ಮುಂದೆಯೇ ಡಿಕನ್ಸ್ ತಕರಾರು ತೆಗೆಯುತ್ತಾನೆ: ಬಾಗಿಲ ಮೊಳೆಯಲ್ಲಿ ಅಂಥ ಸಾವೇನಿದೆ, ಶವಪೆಟ್ಟಿಗೆಯ ಮೊಳೆ ಅಂದಿದ್ದರೆ ಒಪ್ಪಬಹುದಿತ್ತು ಅಂತ.

ಅದಕ್ಕೆ ಉತ್ತರ ನಮ್ಮ ಹಿತ್ತಲ ಬಾಗಿಲಲ್ಲಿ ಸಿಕ್ಕಿತು. ಬಡಗಿ ಹಲಗೆಗೆ ಅಡ್ಡಪಟ್ಟಿ ಇಟ್ಟು ಉದ್ದನೆಯ ಮೊಳೆ ಹೊಡೆದ. ಮೊನೆ ಆಚೆ ಕಡೆ ಅರ್ಧ ಇಂಚು ಹೊರಬಂತು. ಬಾಗಿಲು ಮಗುಚಿ ಹಾಕಿದ. ಮೊನೆಯನ್ನು ಸುತ್ತಿಗೆಯಲ್ಲಿ ಬಗ್ಗಿಸಿ, ಮರದೊಳಕ್ಕೆ ಕೂರುವ ಹಾಗೆ ಬಡಿದ. “ಇನ್ನು ಇದು ಬರಲ್ಲ ಸಾರ್. ಕಿತ್ರೂ ಯಾವ ಕೆಲಸಕ್ಕೂ ಆಗಲ್ಲ.” ಇಂಗ್ಲೆಂಡಿನ ಹಳೇ ಬಾಗಿಲುಗಳಿಗೂ ಹೀಗೇ ಬಡಿಯುತ್ತಿದ್ದರು. ಕಮ್ಮಾರ ಒಂದೊಂದೇ ಮೊಳೆ ಮಾಡುತ್ತಿದ್ದ ಕಾಲ ಅದು. ನೆಟ್ಟಗಿದ್ದ ಮೊಳೆಯನ್ನು ಕಿತ್ತು ಮತ್ತೆ ಬಳಸಬಹುದು. ಬಗ್ಗಿಸಿ ಬಡಿದದ್ದು ಮಾತ್ರ ಸತ್ತ ಹಾಗೆ. ಈ ಮಾತಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು.

ನನಗೇನೋ ಬಡಗಿಗಿಂತ ಕವಿಯ ಕೈವಾಡವೇ ಜಾಸ್ತಿ ಅನ್ನಿಸುತ್ತದೆ. ಈ ಮಾತು 1350ರ ಸುಮಾರಿನ ‘ವಿಲಿಯಂ ಆಫ್ ಪಾಲರ್ನ್’ ಪದ್ಯದಲ್ಲೇ ಇದೆ. ಆ ಪದ್ಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅಂದರೆ ಅದೂ ಅನುವಾದವೇ, ನನ್ನ ಹಾಗೇ ಯಾರೋ ತಲೆ ಕೆರೆದುಕೊಂಡಿರಬೇಕು! ಆ ಬಗೆಯ ಪದ್ಯದಲ್ಲಿ ಸಾಲಿನ ಮುಖ್ಯ ಪದಗಳು ಒಂದೇ ಸದ್ದಿನಿಂದ ಶುರುವಾಗಬೇಕು. ಡೆಡ್‌ಗೆ ಜೋಡಿಯಾಗಿ ಡೋರ್ ಬಂತು. ಆಮೇಲೆ ಇಂಗ್ಲಿಷ್ ಕವಿ ಲ್ಯಾಂಗ್‌ಲೆಂಡ್ ಬಳಸಿದ, ಷೇಕ್ಸ್‌ಪಿಯರೂ ಬಿಡಲಿಲ್ಲ.

ಇಷ್ಟು ದಿನ ಸುಮ್ನೆ ಅರ್ಥದ ಹಿಂದೆ ಬಿದ್ದಿದ್ದೆ. ಸದ್ದು ಹುಡುಕಬೇಕಿತ್ತು. ‘ಡ’ ಹೋಗಲಿ, ಬಾಗಿಲಲ್ಲಿ ‘ಬ’ ಇದೆಯಲ್ಲ. ಬಡಗಿಯ ಕೈ ನೆನಪಾಯಿತು. ಮೊದಲು ಬರೆದದ್ದನ್ನು ಹೊಡೆದು ಹಾಕಿ ಹೀಗೆ ಬರೆದೆ: ‘ಬಾಗಿಲಿಗೆ ಬಡಿದು ಬಗ್ಗಿಸಿದ ಮೊಳೆಯ ಹಾಗೆ ಸತ್ತಿದ್ದ ಮಾರ್ಲಿ.’

ಹೆಂಡತಿ ಓದಿದಳು. “ಹ್ಞಾಂ, ಈಗ ಸತ್ತ” ಅಂದಳು.