ಮರಿ ಫ್ಯಾಕ್ಟರಿಯಿಂದ ಬಿಡಿಸಿ ತಂದ ನಾಯಿಗೆ ಮೊದಲ ವಾರಗಳ ಆರೈಕೆ

ಮರಿ ಫ್ಯಾಕ್ಟರಿ ಎಂದರೆ ಮಾರಾಟಕ್ಕೆಂದೇ ನಾಯಿಗಳಿಂದ ಮರಿ ಹಾಕಿಸುವ ಜಾಗ. ಅಲ್ಲಿ ವರ್ಷಗಟ್ಟಲೆ ಪಂಜರದಲ್ಲಿ ಮರಿ ಹಾಕುತ್ತಲೇ ಬದುಕಿದ ನಾಯಿಗೆ ಮೆಟ್ಟಿಲು, ಹುಲ್ಲು, ಬಾಗಿಲು ಎಲ್ಲವೂ ಹೊಸದು. ಮೊದಲು ಪಶುವೈದ್ಯರಿಗೆ ತೋರಿಸಿ: ಹಲ್ಲು, ಕಿವಿ, ಕೆಚ್ಚಲ ಗಂಟು, ಜಂತುಹುಳು, ತಂತಿ ನೆಲದಿಂದಾದ ಪಾದದ ಹುಣ್ಣು. ಮನೆಯ ನಾಯಿಗಳಿಂದ ಕನಿಷ್ಠ 14 ದಿನ ದೂರವಿಡಿ. ಬಡಕಲಾಗಿದೆ ಎಂದು ಮರುಗಿ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಭೇದಿ ಹಿಡಿಯುತ್ತದೆ. ದಿನಕ್ಕೆ 3–4 ಸಲ ಸ್ವಲ್ಪಸ್ವಲ್ಪ ಕೊಡಿ.

ಓಡಿಹೋಗುವುದೇ ದೊಡ್ಡ ಅಪಾಯ. ಹೆದರಿದಾಗ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಕೊರಳಪಟ್ಟಿಗೊಂದು, ಎದೆಗೆ ಸುತ್ತಿ ಕಟ್ಟುವ ಪಟ್ಟಿಯಾದ ಹಾರ್ನೆಸ್‌ಗೊಂದು, ಎರಡು ಹಗ್ಗ ಬೇಕು, ಬೇಲಿಯೊಳಗೂ ಬಿಚ್ಚಬೇಡಿ. ಮಲಗಿದಲ್ಲೇ ಗಲೀಜು ಮಾಡಿದರೆ ದಯವಿಟ್ಟು ಗದರಬೇಡಿ, ಪಂಜರದಲ್ಲಿ ಅದಕ್ಕೆ ಬೇರೆ ಜಾಗವೇ ಇರಲಿಲ್ಲ. ನೀವಾಗಿ ಮುಟ್ಟಲು ಹೋಗದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತಿರಿ, ತುತ್ತನ್ನು ದೂರಕ್ಕೆ ಎಸೆಯಿರಿ. ಹತ್ತಿರ ಬರಲು ಕೆಲವಕ್ಕೆ ತಿಂಗಳುಗಳೇ ಬೇಕು.