ನೀಚ ಚಂದ್ರ ಅಂದರು ಅಂತ ಹೆದರಬೇಡಿ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ನನಗೆ ಗಂಡು ನೋಡುತ್ತಿದ್ದ ಕಾಲದಲ್ಲಿ ಒಬ್ಬ ಜ್ಯೋತಿಷಿ ನನ್ನ ಜಾತಕ ಬಿಡಿಸಿ, "ಚಂದ್ರ ನೀಚ, ಹುಡುಗಿಯ ಮನಸ್ಸು ಒಂದು ಕಡೆ ನಿಲ್ಲಲ್ಲ" ಅಂದುಬಿಟ್ಟರು. ನೀಚ ಅಂದರೆ ಗ್ರಹ ತನ್ನ ಬಲ ಕಳೆದುಕೊಳ್ಳುವ ರಾಶಿಯಲ್ಲಿದೆ ಅಂತ. ಅಷ್ಟೇ. ಆಮೇಲೆ ನಾನು ಅತ್ತರೆ ಅದೇ ಕಾರಣ, ಸಿಟ್ಟು ಮಾಡಿಕೊಂಡರೂ ಅದೇ ಕಾರಣ, ಕೆಲಸ ಬದಲಿಸಿದರೂ ಅದೇ. ಅಮ್ಮ ಅದನ್ನು ಬೈಯಬೇಕು ಅಂತ ಹೇಳುತ್ತಿರಲಿಲ್ಲ, ಮರುಕದಿಂದ ಹೇಳುತ್ತಿದ್ದರು. ಅದು ಇನ್ನೂ ಕಷ್ಟ. ಹತ್ತು ವರ್ಷ ನಾನೂ ಅದನ್ನೇ ನಂಬಿದ್ದೆ.

ಆ ನಂಬಿಕೆ ಸಡಿಲವಾಗಿದ್ದು ಜ್ಯೋತಿಷ್ಯ ಬಿಟ್ಟಿದ್ದರಿಂದ ಅಲ್ಲ, ಸ್ವಂತ ಕುಂಡಲಿ ಓದಲು ಕಲಿತಿದ್ದರಿಂದ. ಜೊತೆಗೆ ಮೂರು ತಿಂಗಳು ಒಂದು ಪುಸ್ತಕದಲ್ಲಿ ದಿನಾ ಎರಡು ಸಾಲು ಬರೆದಿದ್ದರಿಂದ. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ, ನೀವೂ ಮಾಡಿ ನೋಡಿ.

ಮೊದಲು ಕುಂಡಲಿ ಸರಿ ಇರಲಿ

ಹುಟ್ಟಿದ ತಾರೀಖು, ಊರು, ಸಮಯ ಮೂರೂ ಬೇಕು. ಸಮಯದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಿ, ಯಾಕೆಂದರೆ ಲಗ್ನ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ) ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಲಗ್ನ ಬದಲಾದರೆ ಹನ್ನೆರಡು ಮನೆಗಳೂ ಬದಲಾಗುತ್ತವೆ. "ದನ ಮೇಯಿಸಿಕೊಂಡು ಬರುವ ಹೊತ್ತು" ಅಂತ ಅಜ್ಜಿ ಹೇಳಿದ್ದರೆ ಅದೂ ಒಂದು ಸುಳಿವೇ, ಆದರೆ ಆಸ್ಪತ್ರೆಯ ಹಳೇ ಚೀಟಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಮೊಬೈಲ್ ಆ್ಯಪ್ ಬಳಸುವವರು ಇಲ್ಲೇ ಎಡವುತ್ತಾರೆ. ವಿದೇಶಿ ಆ್ಯಪ್‌ಗಳಲ್ಲಿ ಜಾಸ್ತಿ ಸಾಯನ ಲೆಕ್ಕ, ಅಂದರೆ ವಿಷುವದಿಂದ ರಾಶಿ ಎಣಿಸುವುದು; ನಮ್ಮ ಪಂಚಾಂಗದ್ದು ನಿರಯನ, ಅಂದರೆ ನಕ್ಷತ್ರಗಳನ್ನು ಹಿಡಿದು ಎಣಿಸುವುದು. ಎರಡಕ್ಕೂ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ, ಇದಕ್ಕೇ ಅಯನಾಂಶ ಅನ್ನುವುದು. ಹಾಗಾಗಿ ಅಲ್ಲಿ ಧನು ಅಂತ ತೋರಿಸುವ ಚಂದ್ರ ಇಲ್ಲಿ ಬಹಳ ಸಲ ವೃಶ್ಚಿಕದಲ್ಲಿ ಇರುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಲಾಹಿರಿ ಅಯನಾಂಶ ಆರಿಸಿಕೊಳ್ಳಿ.

ಈಗ ಹಾಳೆಯ ಮೇಲೆ ಚೌಕ ಹಾಕಿ. ನಮ್ಮ ಕಡೆಯ ಕುಂಡಲಿಯಲ್ಲಿ ರಾಶಿಗಳ ಜಾಗ ಕದಲುವುದಿಲ್ಲ. ಮೇಲಿನ ಎಡ ಮೂಲೆ ಮೀನ, ಅದರ ಬಲಕ್ಕೆ ಮೇಷ, ಹಾಗೇ ಗಡಿಯಾರ ತಿರುಗುವ ಕಡೆ ಹೋಗಿ. "ಲ" ಅಂತ ಬರೆದಿರುವ ಚೌಕ ನಿಮ್ಮ ಒಂದನೇ ಮನೆ. ಅಲ್ಲಿಂದ ಎಣಿಸಿ, ಪ್ರತಿ ಚೌಕದ ಮೂಲೆಯಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ 1ರಿಂದ 12 ಬರೆಯಿರಿ. ಕೈಯಲ್ಲೇ ಬರೆಯಿರಿ, ಸ್ಕ್ರೀನ್‌ಶಾಟ್ ಬೇಡ. ಬರೆದಾಗಲೇ ಅದು ತಲೆಗೆ ಹೋಗುವುದು.

ನನ್ನದು ಕರ್ಕಾಟಕ ಲಗ್ನ. 1983ರ ಏಪ್ರಿಲ್ ಕೊನೆ, ಮಧ್ಯಾಹ್ನದ ಹೊತ್ತು. ನಾಲ್ಕನೇ ಮನೆ ತುಲಾದಲ್ಲಿ ಶನಿ, ಐದನೇ ಮನೆ ವೃಶ್ಚಿಕದಲ್ಲಿ ಚಂದ್ರ ಮತ್ತು ಗುರು, ಹತ್ತನೇ ಮನೆ ಮೇಷದಲ್ಲಿ ರವಿ ಮತ್ತು ಕುಜ, ಹನ್ನೆರಡನೇ ಮನೆ ಮಿಥುನದಲ್ಲಿ ರಾಹು. ಚಂದ್ರ ವೃಷಭದಲ್ಲಿ ಉಚ್ಚ (ಅತಿ ಬಲ), ವೃಶ್ಚಿಕದಲ್ಲಿ ನೀಚ, ಹಾಗಾಗಿ ಆ ಜ್ಯೋತಿಷಿ ಹೇಳಿದ್ದು ಪುಸ್ತಕದ ಪ್ರಕಾರ ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದರು. ವೃಶ್ಚಿಕದ ಒಡೆಯ ಕುಜ ಲಗ್ನದಿಂದ ಕೇಂದ್ರದಲ್ಲಿ (1, 4, 7, 10ನೇ ಮನೆ) ಇದ್ದರೆ ನೀಚಭಂಗ, ಅಂದರೆ ನೀಚದೋಷ ಕಳೆಯಿತು ಅನ್ನುತ್ತಾರೆ. ನನ್ನ ಕುಜ ಸ್ವಂತ ಮನೆಯಲ್ಲಿ, ಕೇಂದ್ರದಲ್ಲೇ ಕೂತಿದ್ದಾನೆ. ಮೇಲಾಗಿ ಚಂದ್ರನ ಪಕ್ಕದಲ್ಲೇ ಗುರು ಇದ್ದಾನೆ, ಅದಕ್ಕೆ ಗಜಕೇಸರಿ ಅನ್ನುವ ಶುಭಯೋಗ ಅಂತ ಹೆಸರು. ಇದನ್ನು ಯಾರೂ ನಮ್ಮ ಅಮ್ಮನಿಗೆ ಹೇಳಲಿಲ್ಲ. ಯಾರಾದರೂ ಒಂದೇ ಗ್ರಹ ತೋರಿಸಿ ನಿಮ್ಮ ಸ್ವಭಾವ ಇಂಥದ್ದು ಅಂತ ತೀರ್ಪು ಕೊಟ್ಟರೆ, ಉಳಿದ ಎಂಟು ಗ್ರಹ ಎಲ್ಲಿವೆ ಅಂತ ಕೇಳಿ.

ಮನಸ್ಸಿಗೆ ಸಂಬಂಧಪಟ್ಟ ಮನೆಗಳು

ಚಂದ್ರ ಮನಸ್ಸಿನ ಕಾರಕ. ಅವನು ಕೂತ ಮನೆ ನಿಮ್ಮ ಮನಸ್ಸು ಎಲ್ಲಿಗೆ ಮತ್ತೆ ಮತ್ತೆ ಓಡುತ್ತದೆ ಅನ್ನುವುದನ್ನು ತೋರಿಸುತ್ತದೆ ಅಂತ ನಾನು ಓದಿಕೊಳ್ಳುತ್ತೇನೆ. ಒಂದರಲ್ಲಿದ್ದರೆ ಒಳಗಿನದೆಲ್ಲ ಮುಖದ ಮೇಲೆ. ಎರಡರಲ್ಲಿದ್ದರೆ ಊಟ, ಮಾತು, ಕೈಯಲ್ಲಿರುವ ದುಡ್ಡು. ಏಳರಲ್ಲಿದ್ದರೆ ಎದುರಿಗಿರುವವರ ಮುಖ ಸಪ್ಪಗಾದರೆ ನಮ್ಮದೂ ಸಪ್ಪಗೆ. ಹತ್ತರಲ್ಲಿದ್ದರೆ ಆಫೀಸಿನ ಒಂದು ಮಾತು ಭಾನುವಾರವನ್ನೂ ಕೆಡಿಸುತ್ತದೆ. ಮೂರು, ಒಂಬತ್ತು, ಹನ್ನೊಂದರ ಬಗ್ಗೆ ಜಾಸ್ತಿ ಹೇಳಲ್ಲ. ಒಡಹುಟ್ಟಿದವರು, ಅಪ್ಪ ಮತ್ತು ಗುರು, ಸ್ನೇಹಿತರು ಅಂತ ಇಟ್ಟುಕೊಂಡರೆ ಸಾಕು. ಐದು ಮಕ್ಕಳ ಮನೆ, ಹಾಗೇ ನಾವು ಏನಾದರೂ ಹೊಸದು ಮಾಡುವ ಮನೆ. ನನ್ನ ಅನುಭವದಲ್ಲಿ ಕೈಗೆ ಕೆಲಸ ಇಲ್ಲದ ದಿನ ನನ್ನ ಮನಸ್ಸು ಹಾಳು. ಒಂದು ರಂಗೋಲಿ ಬಿಡಿಸಿದರೂ ಆಯಿತು, ಸರಿಹೋಗುತ್ತದೆ.

ನಿಧಾನವಾಗಿ ನೋಡಬೇಕಾದ್ದು ನಾಲ್ಕು, ಆರು, ಎಂಟು, ಹನ್ನೆರಡು.

ನಾಲ್ಕು ಅಂದರೆ ತಾಯಿ, ಮನೆ, ಸುಖ. ಚಂದ್ರನಿಗೆ ಇಲ್ಲಿ ದಿಗ್ಬಲ, ಆರಾಮಾಗಿ ಇರುತ್ತಾನೆ. ಶನಿ ಇಲ್ಲಿ ಕೂತರೆ ಮನೆ ತುಂಬ ಜನ ಇದ್ದರೂ ಒಂಟಿ ಅನಿಸುತ್ತದೆ ಅನ್ನುತ್ತಾರೆ. ನನಗೆ ಶನಿ ನಾಲ್ಕರಲ್ಲೇ ಇದ್ದಾನೆ, ಉಚ್ಚನಾಗಿ. ಇದರಿಂದ ನಾನು ಕಲಿತಿದ್ದು ಒಂದೇ: ಮನೆಯಲ್ಲಿ ನನಗೆ ಅಂತ ಒಂದು ಮೂಲೆ ಮಾಡಿಕೊಂಡೆ. ಕಿಟಕಿ ಪಕ್ಕ ಒಂದು ಮಣೆ, ಅಷ್ಟೇ. ಶನಿಗೆ ಶಿಸ್ತು ಇಷ್ಟ ಅಲ್ವಾ, ದಿನಾ ಅದೇ ಹೊತ್ತಿಗೆ ಅಲ್ಲಿ ಕೂರುತ್ತೇನೆ.

ಆರು ಸಾಲ, ರೋಗ, ಶತ್ರು. ಚಿಂತೆಯ ಮನೆ. ಆದರೆ ಇದು ಉಪಚಯ ಸ್ಥಾನವೂ ಹೌದು, ಅಂದರೆ ವಯಸ್ಸಾದಂತೆ ಸುಧಾರಿಸುವ ಮನೆ. ಎಂಟು ನಾವು ಯಾರಿಗೂ ತೋರಿಸದ ಭಯದ ಮನೆ. ಇಲ್ಲಿ ಗ್ರಹ ಇರುವವರು ಬೇಗ ಬಾಯಿ ಬಿಡುವುದಿಲ್ಲ, ಅವರನ್ನು ಅವಸರ ಮಾಡಬೇಡಿ. ಹನ್ನೆರಡು ವ್ಯಯದ ಮನೆ. ಇದೇ ನಿದ್ದೆಯ ಮನೆಯೂ ಹೌದು. ಮನಸ್ಸಿನ ಬಗ್ಗೆ ಓದುವಾಗ ಜನ ಇದನ್ನು ಮರೆತೇಬಿಡುತ್ತಾರೆ.

ಈಗ ನೋಟ್‌ಬುಕ್

ಚಂದ್ರ ಸುಮಾರು 27 ದಿನ 8 ಗಂಟೆಯಲ್ಲಿ ಹನ್ನೆರಡು ರಾಶಿ ಸುತ್ತಿ ಬರುತ್ತಾನೆ. ಒಂದೊಂದು ರಾಶಿಯಲ್ಲಿ ಎರಡೂಕಾಲು ದಿನ. ಅಂದರೆ ತಿಂಗಳಿಗೊಮ್ಮೆ ನಿಮ್ಮ ಪ್ರತಿ ಮನೆಗೂ ಬಂದು ಹೋಗುತ್ತಾನೆ. ಮನಸ್ಸಿನ ಏರಿಳಿತ ನೋಡಲು ಇವನಷ್ಟು ಅನುಕೂಲದ ಗ್ರಹ ಇನ್ನೊಂದಿಲ್ಲ.

ರಾತ್ರಿ ಮಲಗುವ ಮುಂಚೆ ತಾರೀಖು ಹಾಕಿ, ಆ ದಿನದ ಮನಸ್ಸಿಗೆ ಐದರಲ್ಲಿ ಎಷ್ಟು ಅಂಕ ಅಂತ ಬರೆಯಿರಿ. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಆಯಿತು ಅಂತಲೂ ಬರೆಯಿರಿ. ಆಮೇಲೆ ಏನಾಯಿತು ಅಂತ ಒಂದು ಸಾಲು. ಚಂದ್ರ ಎಲ್ಲಿದ್ದ ಅಂತ ಬರೆಯುವ ಜಾಗ ಖಾಲಿ ಬಿಡಿ. ಪಂಚಾಂಗ ಮುಟ್ಟಬೇಡಿ! ಇದೇ ಇಡೀ ಪದ್ಧತಿಯ ಮುಖ್ಯ ಅಂಶ. ಇವತ್ತು ಚಂದ್ರಾಷ್ಟಮ (ಚಂದ್ರ ಜನ್ಮರಾಶಿಯಿಂದ ಎಂಟರಲ್ಲಿರುವ, ಕೆಟ್ಟದ್ದು ಅನ್ನುವ ದಿನ) ಅಂತ ಬೆಳಗ್ಗೆ ಕ್ಯಾಲೆಂಡರ್‌ನಲ್ಲಿ ನೋಡಿಬಿಟ್ಟರೆ ಮುಗಿಯಿತು, ಹಾಲು ಉಕ್ಕಿದರೂ ಅದೇ ಕಾರಣ ಅನಿಸುತ್ತದೆ, ಆ ದಿನದ ಅಂಕ ನಿಮ್ಮದಾಗಿರುವುದಿಲ್ಲ.

ಮೂರು ಸುತ್ತು, ಅಂದರೆ 82 ದಿನ ಆದ ಮೇಲೆ ಒಂದು ಭಾನುವಾರ ಪಂಚಾಂಗ ತೆಗೆದು ಕೂತುಕೊಳ್ಳಿ. ನಕ್ಷತ್ರದಿಂದ ರಾಶಿ ತಿಳಿಯುವುದು ಸುಲಭ. ಒಂದೊಂದು ನಕ್ಷತ್ರಕ್ಕೂ ನಾಲ್ಕು ಪಾದ, ಅಂದರೆ ಕಾಲುಭಾಗ. ಅಶ್ವಿನಿ, ಭರಣಿ, ಕೃತ್ತಿಕೆಯ ಮೊದಲ ಪಾದ ಸೇರಿ ಮೇಷ. ಕೃತ್ತಿಕೆಯ ಉಳಿದ ಮೂರು ಪಾದ, ರೋಹಿಣಿ, ಮೃಗಶಿರದ ಮೊದಲ ಎರಡು ಪಾದ ವೃಷಭ. ಹೀಗೇ ಒಂಬತ್ತೊಂಬತ್ತು ಪಾದಕ್ಕೆ ಒಂದೊಂದು ರಾಶಿ. ಪಂಚಾಂಗದಲ್ಲಿ ಸಮಯ ಘಟಿಯಲ್ಲಿದ್ದರೆ, ಒಂದು ಘಟಿ ಅಂದರೆ 24 ನಿಮಿಷ, ಸೂರ್ಯೋದಯದಿಂದ ಎಣಿಸಿ. ಪ್ರತಿ ದಿನದ ಎದುರು ಎರಡು ಅಂಕಿ ಬರೆಯಿರಿ: ಲಗ್ನದಿಂದ ಎಷ್ಟನೇ ಮನೆ, ಜನ್ಮರಾಶಿಯಿಂದ (ಹುಟ್ಟಿದಾಗ ಚಂದ್ರ ಇದ್ದ ರಾಶಿಯಿಂದ) ಎಷ್ಟನೇದು. ಗೋಚಾರ, ಅಂದರೆ ಗ್ರಹಗಳ ಈಗಿನ ಸಂಚಾರದ ಫಲ ಹೇಳುವವರು ಜನ್ಮರಾಶಿಯಿಂದ ಎಣಿಸುತ್ತಾರೆ, 1, 3, 6, 7, 10, 11 ಒಳ್ಳೆಯದು ಅನ್ನುತ್ತಾರೆ, 8 ಅಂದರೆ ಚಂದ್ರಾಷ್ಟಮ. ಜೀವನದ ಯಾವ ಭಾಗ ಅಂತ ತಿಳಿಯಲು ನನಗೆ ಲಗ್ನದ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ನನ್ನ ಪುಸ್ತಕದಲ್ಲಿ ಸಿಕ್ಕಿದ್ದು ಹೇಳುತ್ತೇನೆ. ವೃಶ್ಚಿಕ ರಾಶಿಗೆ ಮಿಥುನದ ಚಂದ್ರ ಚಂದ್ರಾಷ್ಟಮ. ಮೂರು ಸುತ್ತಿಗೆ ಏಳು ದಿನ. ಎಷ್ಟೋ ವರ್ಷ ಆ ದಿನ ಹತ್ತಿರ ಬಂದರೆ ಎದೆ ಡವಗುಟ್ಟುತ್ತಿತ್ತು. ಏಳರಲ್ಲಿ ಕೆಟ್ಟದಾಗಿದ್ದು ಎರಡೇ ದಿನ! ಒಂದು ದಿನಕ್ಕೆ ಐದಕ್ಕೆ ಐದು ಅಂಕ ಕೊಟ್ಟಿದ್ದೆ, ಅವತ್ತು ಮಗಳ ಜೊತೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದು ಅಂತ ಬರೆದಿತ್ತು. ಹಾಗಾದರೆ ಒಂದು, ಎರಡು ಅಂಕದ ದಿನಗಳು ಎಲ್ಲಿದ್ದವು? ಎಲ್ಲ ಮನೆಗಳಲ್ಲೂ ಚೆಲ್ಲಿಕೊಂಡಿದ್ದವು. ಆದರೆ ಪಕ್ಕದ ಅಂಕಣ ನೋಡಿದಾಗ ಬೆಚ್ಚಿಬಿದ್ದೆ: ನಾಲ್ಕು ಗಂಟೆ, ನಾಲ್ಕೂವರೆ, ಐದು. ಹೆಚ್ಚುಕಮ್ಮಿ ಪ್ರತಿ ಕೆಟ್ಟ ದಿನದ ಹಿಂದೆ ಒಂದು ಕೆಟ್ಟ ರಾತ್ರಿ ಇತ್ತು. ನಿದ್ದೆಯ ಮನೆಯಲ್ಲಿ ರಾಹು ಕೂತಿರುವುದು ಆಗ ನೆನಪಾಯಿತು. ಹತ್ತು ವರ್ಷ ಐದನೇ ಮನೆಯ ಚಂದ್ರನನ್ನು ಬೈದುಕೊಂಡೆ, ಸರಿ ಮಾಡಬೇಕಾಗಿದ್ದು ಹನ್ನೆರಡನೇ ಮನೆಯನ್ನು.

ನಿಧಾನದ ಗ್ರಹಗಳು

ಕುಜ ಒಂದು ರಾಶಿಯಲ್ಲಿ ಸುಮಾರು 45 ದಿನ, ಗುರು ಒಂದು ವರ್ಷ, ರಾಹು ಕೇತು ಒಂದೂವರೆ ವರ್ಷ, ಶನಿ ಎರಡೂವರೆ ವರ್ಷ. ಇವನ್ನು ದಿನದ ಮೂಡ್‌ಗೆ ಜೋಡಿಸಬೇಡಿ. ವರ್ಷಕ್ಕೊಂದು ಪುಟ ಸಾಕು. ಶನಿ 2025ರ ಮಾರ್ಚ್ 29ರಂದು ಮೀನಕ್ಕೆ ಬಂದಾಗ ಮಕರ ರಾಶಿಯವರಿಗೆ ಸಾಡೇಸಾತಿ (ಏಳೂವರೆ ವರ್ಷದ ಶನಿಕಾಟ ಅನ್ನುವುದು) ಮುಗಿಯಿತು, ಮೇಷದವರಿಗೆ ಶುರುವಾಯಿತು. ಶುರು ಆಯಿತು ಅಂತ ಕೇಳಿದ ತಕ್ಷಣ ನೀಲಮಣಿ ಕೊಳ್ಳಲು ಓಡಬೇಡಿ, ಸಾಲ ಮಾಡಿ ಹೋಮವನ್ನಂತೂ ಮಾಡಿಸಲೇಬೇಡಿ. ಶನಿ ಯಾವ ಮನೆಯಲ್ಲಿ ನಡೆಯುತ್ತಿದ್ದಾನೋ ಆ ವಿಷಯದಲ್ಲಿ ಮುಂದೂಡಿದ ಒಂದು ಕೆಲಸ ಹುಡುಕಿ ಮುಗಿಸಿ. ಎರಡನೇ ಮನೆ ಆದರೆ ಬ್ಯಾಂಕಿನ ಕಾಗದ ಪತ್ರ, ಆರನೇದಾದರೆ ಬಾಕಿ ಇರುವ ರಕ್ತ ಪರೀಕ್ಷೆ.

ಇದನ್ನೂ ನೇರವಾಗಿ ಹೇಳಬೇಕು. ಗ್ರಹ ನೋಡಿ ಮನುಷ್ಯನ ಸ್ವಭಾವ ಹೇಳಬಹುದು ಅನ್ನುವುದಕ್ಕೆ ವಿಜ್ಞಾನದ ಆಧಾರ ಸಿಕ್ಕಿಲ್ಲ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರ ತಂಡ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವುದು ಓದಿನಲ್ಲಿ ಮುಂದಿರುವ ಮಕ್ಕಳದು, ಯಾವುದು ಬೌದ್ಧಿಕ ತೊಂದರೆ ಇರುವ ಮಕ್ಕಳದು ಅಂತ ಕೇಳಿತ್ತು. ಸರಿ ಬಂದಿದ್ದು ಸುಮಾರು ಶೇಕಡ 46, ನಾಣ್ಯ ಚಿಮ್ಮಿದಷ್ಟೇ. ನನ್ನ ಪುಸ್ತಕವೂ ನನಗೆ ಅದನ್ನೇ ಹೇಳಿತು. ಆದರೂ ಹನ್ನೆರಡು ಮನೆಗಳನ್ನು ನಾನು ಬಿಟ್ಟಿಲ್ಲ. ತಾಯಿ, ದುಡ್ಡು, ಭಯ, ನಿದ್ದೆ ಅಂತ ಜೀವನವನ್ನು ಬಿಡಿಬಿಡಿಯಾಗಿ ಕೇಳಿಕೊಳ್ಳಲು ಇಷ್ಟು ಚೆನ್ನಾಗಿರುವ ಪ್ರಶ್ನೆಪಟ್ಟಿ ನನಗೆ ಬೇರೆ ಸಿಕ್ಕಿಲ್ಲ.

ಎರಡು ವಾರ ಬಿಡದೆ ಒಂದು, ಎರಡು ಅಂಕವೇ ಬರುತ್ತಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕು ಅನಿಸಿದರೆ ಮೂರು ಸುತ್ತು ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರು ಕೊಟ್ಟ ಮಾತ್ರೆಯನ್ನು ಯಾವ ದಶೆ ಮುಗಿಯಿತು ಅಂತಲೂ ನಿಲ್ಲಿಸಬೇಡಿ.

ನಾನು ಈಗ ಹತ್ತು ಗಂಟೆಗೆ ಫೋನ್ ಅನ್ನು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟು ಬರುತ್ತೇನೆ. ಮಿಥುನದ ದಿನಗಳಲ್ಲಿ ಮೋಡ ಇಲ್ಲದಿದ್ದರೆ ಅದಕ್ಕೂ ಮುಂಚೆ ಐದು ನಿಮಿಷ ಮಹಡಿಗೆ ಹೋಗುತ್ತೇನೆ. ಚಳಿಗಾಲದಲ್ಲಿ ಚಂದ್ರ ಆಗ ಆರಿದ್ರಾ ಅನ್ನುವ ಕೆಂಪು ನಕ್ಷತ್ರದ ಆಚೀಚೆ ಇರುತ್ತಾನೆ. ಹೋದ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. "ಇದೇನಾ ಚಂದ್ರಾಷ್ಟಮ?" ಅಂತ ಕೇಳಿ, ಸೆರಗು ಹೊದ್ದುಕೊಂಡು ತುಂಬ ಹೊತ್ತು ನೋಡುತ್ತಾ ನಿಂತಿದ್ದರು.